ಒಟಿಪಿ ಬಾರದ ಮನೆಗೆ ಆ್ಯಪ್ ಕಟ್ಟುವವರು

(ಶಿರಸಿ ತಾಲ್ಲೂಕಿನ ಓದುಗರೊಬ್ಬರ ಪತ್ರವಿದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರಿಗೆ ನಮಸ್ಕಾರ. ನನಗೆ 26 ವರ್ಷ. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಮೊಬೈಲ್ ಆ್ಯಪ್ ಬರೆಯುವ ಕೆಲಸ. ಕೈಗೆ 52,000 ರೂಪಾಯಿ ಬರುತ್ತದೆ. ಬಾಡಿಗೆ, ಊಟ, ಓಡಾಟ, ಓದಿನ ಸಾಲದ 9,000 ಕಂತು ಎಲ್ಲ ಕಳೆದು 14,000 ಉಳಿಯುತ್ತದೆ. ಈಗ ಶಿರಸಿಯಲ್ಲಿ ಮೂವರು ಸೇರಿ ಒಂದು ಸ್ಟಾರ್ಟಪ್ ಶುರು ಮಾಡಿದ್ದಾರೆ. ಅಡಿಕೆ ಮರ ಹತ್ತಿ ಕೊನೆ (ಗೊಂಚಲು) ಕೊಯ್ಯುವ ಕೊನೆಗೌಡರನ್ನು, ಕೊಳೆ ರೋಗ ಬಾರದಂತೆ ಮದ್ದು ಹೊಡೆಯುವವರನ್ನು ಫೋನಿನಲ್ಲೇ ಗೊತ್ತು ಮಾಡಿಕೊಳ್ಳುವ ಆ್ಯಪ್ ಅವರದು. ನಾಲ್ಕನೆಯವಳಾಗಿ ಬಾ ಎನ್ನುತ್ತಿದ್ದಾರೆ. ಸಂಬಳ 25,000, ಜೊತೆಗೆ ಎರಡು ಪರ್ಸೆಂಟ್ ಶೇರು. ಅಪ್ಪ, 'ತೋಟಕ್ಕೆ ವಾಪಸ್ ಬರಲಿ ಅಂತ ಓದಿಸಿದ್ದಲ್ಲ' ಎಂದು ಮಾತೇ ಬಿಟ್ಟಿದ್ದಾರೆ. ಆಯಿ (ಅಮ್ಮ) ನಿಮ್ಮ ಪತ್ರಿಕೆಯನ್ನು ಬಹಳ ವರ್ಷದಿಂದ ಓದುವವಳು. 'ಸಂಪಾದಕರಿಗೆ ಬರೆದು ಕೇಳು' ಎಂದದ್ದು ಅವಳೇ. ಬರಲೋ, ಬೇಡವೋ?

ಉತ್ತರ:

ತಂಗೀ, ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಒಬ್ಬ ಕೊನೆಗೌಡರನ್ನಾದರೂ ಕೇಳದೆ ಈ ಉತ್ತರ ಬರೆಯಲು ಮನಸ್ಸು ಒಪ್ಪಲಿಲ್ಲ. ಅವರು ಕೈಗೆ ಸಿಕ್ಕಿದ್ದು ಮೊನ್ನೆ ಭಾನುವಾರ.

ಬನ್ನಿ ಎಂದೇ ನನ್ನ ಮಾತು. ಆದರೆ ಈ ತಿಂಗಳೇ ರಾಜೀನಾಮೆ ಬರೆಯಬೇಡಿ. ಮೊದಲು ಹದಿನೈದು ದಿನ ರಜೆ ಹಾಕಿ ಬನ್ನಿ. ಯಾಕೆ ಎಂದು ಹೇಳುವ ಮೊದಲು ನಮ್ಮ ಪತ್ರಿಕೆಯದೇ ಒಂದು ಸಂಗತಿ ಹೇಳಬೇಕು.

2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತು, ಪತ್ರಿಕೆ ಹಳ್ಳಿಗಳಿಗೆ ಹೋಗುವುದೇ ನಿಂತಾಗ ನಾವೂ ಒಂದು ಆ್ಯಪ್ ಮಾಡಿಸಿದೆವು. ಮಾಡಿಕೊಟ್ಟವರು ಬೆಂಗಳೂರಿನ ಒಂದು ಸಂಸ್ಥೆ. ನಮ್ಮ ಕಚೇರಿಯಲ್ಲಿ ತೆರೆದು ನೋಡಿದಾಗ ಎಲ್ಲ ಚೆಂದವೇ ಇತ್ತು. ಎರಡನೇ ವಾರ ವಾನಳ್ಳಿ ಕಡೆಯ ಹಿರಿಯ ಚಂದಾದಾರರೊಬ್ಬರು ಲ್ಯಾಂಡ್‌ಲೈನಿನಿಂದ ಫೋನು ಮಾಡಿ, 'ಆರು ಅಂಕೆ ಬತ್ತೇ ಇಲ್ಲೆ' ಎಂದರು. ಓಡಾಟ ಸಡಿಲವಾದ ಮೇಲೆ ನಾನೇ ಅವರ ಮನೆಗೆ ಹೋದೆ. ನಿಮಗೆ ಗೊತ್ತಿರುವ ಕಥೆಯೇ. ಮನೆಗೆ ತಂತಿಯ ಮೇಲೆ ಇಂಟರ್‌ನೆಟ್ ಇದೆ, ಜಗುಲಿಯಲ್ಲಿ ವೈಫೈ ಚೆನ್ನಾಗಿ ಬರುತ್ತದೆ, ಟವರ್ ಸಿಗ್ನಲ್ ಮಾತ್ರ ಒಂದು ಗೆರೆಯೂ ಇಲ್ಲ. ಅವರು ಜಗುಲಿಯಲ್ಲಿ ಕುಳಿತು ಒಟಿಪಿ ಕೇಳುತ್ತಿದ್ದರು. ಆಮೇಲೆ ಫೋನು ಹಿಡಿದು ಮನೆಯ ಹಿಂದಿನ ಬೆಟ್ಟ ಹತ್ತಿ ಒಂದು ಮತ್ತಿಮರದ ಬುಡಕ್ಕೆ ಹೋಗುತ್ತಿದ್ದರು. ಅಲ್ಲಿ ಮೆಸೇಜು ಬರುತ್ತಿತ್ತು, ಡೇಟಾ ಬರುತ್ತಿರಲಿಲ್ಲ. ಅಂಕೆಗಳನ್ನು ಬಾಯಿಪಾಠ ಮಾಡಿಕೊಂಡು ಇಳಿದು ಬರುವಷ್ಟರಲ್ಲಿ ಐದು ನಿಮಿಷದ ಗಡುವು ಮುಗಿದಿರುತ್ತಿತ್ತು. ಹೀಗೆ ಮೂರು ಸಲ ಹತ್ತಿ ಇಳಿದಿದ್ದರು. 'ಯಂಗೇ ಬತ್ತಿಲ್ಲೆ ಕಾಣ್ತು' ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡರು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಗಡುವನ್ನು ಅರ್ಧ ಗಂಟೆಗೆ ಹೆಚ್ಚಿಸಿ, ಇಲ್ಲವೇ ಚಂದಾ ನಂಬರ್ ಹಾಕಿದರೆ ತೆರೆದುಕೊಳ್ಳುವಂತೆ ಮಾಡಿ ಎಂದು ಆ ಸಂಸ್ಥೆಗೆ ಬರೆದೆವು. ಮುಂದಿನ ಆವೃತ್ತಿಯಲ್ಲಿ ನೋಡೋಣ, ಅದಕ್ಕೆ ಬೇರೆ ಹಣ ಎಂದರು. ಗುಂಡಿಗಳ ಮೇಲಿನ ಅಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. 'ಇಲ್ಲಿ ಒತ್ತಿ' ಎಂಬುದರ ಒತ್ತಕ್ಷರ ಕಾಣದೆ 'ಇಲಿ ಒತಿ' ಎಂದಾಗಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಹಿಡಿದ ಗುಂಡಿಯಲ್ಲಿ ಕನ್ನಡದ ಒತ್ತಿಗೆ ಜಾಗವೇ ಇರುವುದಿಲ್ಲ. ಅದನ್ನೂ ಹೇಳಿದೆವು. ಹದಿನಾಲ್ಕು ತಿಂಗಳ ಮೇಲೆ ಆ್ಯಪ್ ಮುಚ್ಚಿದೆವು. ಮಾಡಿದವರಿಗೆ ಕೆಲಸ ಬರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ಜಗುಲಿಗೆ ಅವರಲ್ಲಿ ಒಬ್ಬರೂ ಬಂದಿರಲಿಲ್ಲ.

ನಿಮ್ಮನ್ನು ಬನ್ನಿ ಎನ್ನುವುದು ಇದಕ್ಕೇ. ಮತ್ತಿಮರದ ಬುಡ ಎಲ್ಲಿದೆ ಎಂದು ನಿಮಗೆ ಗೊತ್ತು.

ಇನ್ನು ಆ ಕೊನೆಗೌಡರ ಮಾತು. ಅವರ ಅಂಗಿಯ ಜೇಬಿನಲ್ಲಿ ಸೊಸೈಟಿಯವರು ಕೊಡುವ ಪುಟ್ಟ ಡೈರಿ ಇತ್ತು. ಬೆವರಿಗೆ ರಟ್ಟು ಮೆತ್ತಗಾಗಿತ್ತು. ಬಿಚ್ಚಿ ತೋರಿಸಿದರು. ಒಂದೂ ಫೋನ್ ನಂಬರ್ ಇಲ್ಲ, ಬರೀ ಮನೆಯ ಹೆಸರುಗಳು: ಕೆಳಗಿನಕೇರಿ, ಗದ್ದೆಮನೆ, ಹೊಸಮನೆ. ಪಕ್ಕದಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು, ಹೀಗೆ ಐದೈದರ ಕಟ್ಟಿನಲ್ಲಿ ಕೊಯ್ದ ಅಡಿಕೆ ಕೊನೆಗಳ ಲೆಕ್ಕ. ಯಾರ ಮನೆಗೆ ಮೊದಲು ಹೋಗುವುದು ಎಂದು ಹೇಗೆ ತೀರ್ಮಾನ ಮಾಡುತ್ತೀರಿ ಎಂದು ಕೇಳಿದೆ. ಯಾರದು ಮೊದಲು ಬಲಿತಿದೆ ಎಂದು ನೋಡುತ್ತಾರೆ. ರಾಶಿ (ಎಳೆಯ ಕಾಯಿ ಬೇಯಿಸಿ ಒಣಗಿಸುವ ಕೆಂಪಡಿಕೆ) ಮಾಡುವ ಮನೆಯಲ್ಲಿ ಹತ್ತು ದಿನ ತಡವಾದರೆ ಕಾಯಿ ಹೆಚ್ಚು ಬಲಿತು ಕಡಿಮೆ ದರದ ಗೋಟಿಗೆ ಇಳಿಯುತ್ತದೆ, ಚಾಲಿ (ಹಣ್ಣಡಿಕೆ ಒಣಗಿಸಿ ಮಾಡುವ ಬಿಳಿ ಅಡಿಕೆ) ಮಾಡುವವರು ಸ್ವಲ್ಪ ಕಾಯಬಹುದು. ಮನೆಯಲ್ಲಿ ಮದುವೆಯೋ ಸೂತಕವೋ ಇದ್ದರೆ ಹಿಂದೆ ಮುಂದೆ ಮಾಡುತ್ತಾರೆ. ಇಷ್ಟು ಹೇಳಿ ಡೈರಿಯ ಒಂದು ಹೆಸರಿನ ಮೇಲೆ ಬೆರಳಿಟ್ಟು, 'ಕಳೆದ ವರ್ಷ ಇವ್ರ ತೋಟ ಮಳೆಗೆ ಅರ್ಧಕ್ಕೇ ಬಿಟ್ಟು ಬಂದಿದ್ದೆ. ಈ ವರ್ಷ ಮೊದ್ಲು ಅಲ್ಲಿಗೇ ಹೋಗ್ಬೇಕಲ್ರಾ' ಎಂದರು.

ಆ ಸಾಲು ನಿಮ್ಮ ಆ್ಯಪಿನ ಯಾವ ಕಾಲಮ್ಮಿನಲ್ಲಿ ಕೂರುತ್ತದೆ? ಹೊರಡುವಾಗ ಅವರೇ ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಗಟ್ಟಿಯಾದದ್ದು: 'ಆ್ಯಪಲ್ಲಿ ಹೆಸ್ರು ಹಾಕಿದ್ರೆ ಎಲ್ಲ ನಂಗೇ ಒತ್ತುತ್ರು. ಇರೋನು ನಾನು ಒಬ್ನೇ ಅಲ್ವ್ರಾ?'

ನಿಮ್ಮನ್ನು ಕರೆಯುತ್ತಿರುವ ಮೂವರು ಇದಕ್ಕೆ ಉತ್ತರ ಇಟ್ಟುಕೊಂಡಿದ್ದಾರೋ ನೋಡಿ. ಪೇಟೆಯಲ್ಲಿ ಆಟೋ ಕರೆಯುವ ಆ್ಯಪ್ ನಡೆಯುವುದು ಆಟೋಗಳು ಇರುವುದರಿಂದ. ಬೇಡಿಕೆ ಹೆಚ್ಚಿದಾಗ ದರ ಏರಿಸಿದರೆ ಮನೆಯಲ್ಲಿದ್ದ ನಾಲ್ಕು ಆಟೋ ರಸ್ತೆಗೆ ಬರುತ್ತವೆ. ನಮ್ಮಲ್ಲಿ ದರ ಏರಿಸಿದರೆ ಹೊಸ ಕೊನೆಗೌಡ ಹುಟ್ಟುವುದಿಲ್ಲ. ಅರ್ಧ ಎಕರೆಯ ಮುದುಕಿಯ ತೋಟ ಬಿಟ್ಟು ಹತ್ತು ಎಕರೆಯವರ ತೋಟಕ್ಕೆ ಅದೇ ಮನುಷ್ಯ ಹೋಗುತ್ತಾನೆ, ಅಷ್ಟೆ. ಮದ್ದಿನ ಹೊತ್ತಿನಲ್ಲಂತೂ ಕೇಳುವುದೇ ಬೇಡ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲ ಕೂರುವ ಮೊದಲು ಒಮ್ಮೆ, 40–45 ದಿನಕ್ಕೆ ಇನ್ನೊಮ್ಮೆ. ಆ ಎರಡನೇ ಮದ್ದಿಗೆ ಮಳೆ ಎರಡು ದಿನ ಬಿಡುವು ಕೊಟ್ಟಿತೆಂದರೆ ಇಡೀ ಸೀಮೆಗೆ ಅದೇ ಎರಡು ದಿನ ಬೇಕು. ತಪ್ಪಿದವರ ತೋಟಕ್ಕೆ ಕೊಳೆ ಬರುತ್ತದೆ. ಅಂಥ ದಿನ ಹೆಚ್ಚು ಕೊಟ್ಟವರಿಗೆ ಮೊದಲು ಎಂಬ ಆ್ಯಪ್ ಬಂದರೆ ಊರಿಗೆ ಕೇಡು. ಹೂಡಿಕೆದಾರರು ಬಂದು ಕೂತ ದಿನ ಅವರು ಮೊದಲು ಕೇಳುವುದು ಅದನ್ನೇ. ಈ ಒಂದು ವಿಷಯದಲ್ಲಿ ಆ ಮೂವರ ನಿಲುವು ಏನೆಂದು ನೀವು ಸೇರುವ ಮೊದಲೇ ಅವರ ಬಾಯಿಂದ ಕೇಳಿಕೊಳ್ಳಿ.

ಹಾಗಾದರೆ ಆ್ಯಪಿಗೆ ಕೆಲಸವೇ ಇಲ್ಲವೇ? ಧಾರಾಳವಾಗಿದೆ. ಒಂದು ಕೇರಿಯ ಐದು ಮನೆಯವರು ಒಂದೇ ದಿನಕ್ಕೆ ಒಪ್ಪಿದರೆ ಕೊನೆಗೌಡರಿಗೆ ದಿನಕ್ಕೆ ಎರಡು ತಾಸಿನ ತಿರುಗಾಟ ಉಳಿಯುತ್ತದೆ. ಆ ಒಪ್ಪಂದ ಫೋನಿನಲ್ಲಿ ಸಲೀಸು. ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೆ ಮರ ಹತ್ತದೆ ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಹೊಡೆಯುವ ಹುಡುಗರು ತಯಾರಾಗುತ್ತಿದ್ದಾರೆ. ಅವರನ್ನು ಯಾರೂ ಗುರುತಿಟ್ಟುಕೊಂಡಿಲ್ಲ. ಅವರಿಗೆ ತೋಟ ಹುಡುಕಿಕೊಟ್ಟರೆ ಕೆಲಸದವರ ಸಂಖ್ಯೆಯೇ ಹೆಚ್ಚುತ್ತದೆ. ನನ್ನ ದೃಷ್ಟಿಯಲ್ಲಿ ನಿಮ್ಮ ಕಂಪನಿಯ ಭವಿಷ್ಯ ಇರುವುದು ಅಲ್ಲಿ.

ಸರದಿಯನ್ನು ಮುಚ್ಚಿಡಬೇಡಿ. ಶಿರಸಿಯ ತೋಟಗಾರರು 1923ರಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿದರು. ಟಿ.ಎಸ್.ಎಸ್. ಎಂಬ ಆ ಸಂಘ ಇಂದಿಗೂ ನಡೆಯುತ್ತಿದೆ. ನಿಮ್ಮ ಅಪ್ಪನ ಅಡಿಕೆ ಅಲ್ಲಿಗೆ ಹೋಗುತ್ತಿದ್ದರೆ ಅವರಿಗೇ ಗೊತ್ತು: ಅಡಿಕೆಯ ಗುಡ್ಡೆ ಕಣ್ಣೆದುರಿಗೆ ಇರುತ್ತದೆ, ವ್ಯಾಪಾರಿಗಳು ನೋಡಿ ಟೆಂಡರ್ ಬರೆಯುತ್ತಾರೆ, ಯಾರದು ಹೆಚ್ಚು ಎಂದು ಬೆಳೆಗಾರನಿಗೆ ತಿಳಿಯುತ್ತದೆ, ದರ ಒಪ್ಪಿಗೆಯಾಗದಿದ್ದರೆ ಕೊಡದೆ ಇರಬಹುದು. ನಂಬಿಕೆ ಬಂದದ್ದು ಕಣ್ಣಿಗೆ ಕಂಡದ್ದರಿಂದ. ನಿಮ್ಮ ಆ್ಯಪಿನಲ್ಲಿ ಏಳನೆಯವರಾದವರಿಗೆ ತಾವು ಯಾಕೆ ಏಳನೆಯವರು ಎಂದು ಒಂದು ಸಾಲಿನಲ್ಲಿ ಕಾಣಲಿ.

ನಿಮ್ಮ ಕಸುಬಿನ ಒಂದು ಗಂಟನ್ನೂ ಮುಂದಿಡುತ್ತೇನೆ. ನಮ್ಮಲ್ಲಿ ಆ್ಯಪ್ ಎಂದರೆ ನೆಟ್‌ವರ್ಕ್ ಇಲ್ಲದಾಗಲೂ ಬರೆದಿಟ್ಟುಕೊಂಡು, ಸಿಕ್ಕಾಗ ಕಳಿಸುವಂಥದ್ದೇ ಆಗಬೇಕು. ಅದು ನಿಮಗೆ ಗೊತ್ತು. ಇಬ್ಬರು ಸಿಗ್ನಲ್ ಇಲ್ಲದ ಎರಡು ಮನೆಗಳಲ್ಲಿ ಕುಳಿತು ಒಬ್ಬರೇ ಕೊನೆಗೌಡರ ಒಂದೇ ಮಂಗಳವಾರವನ್ನು ಹಿಡಿದರೆ ಏನು ಮಾಡುತ್ತೀರಿ? ಮೊದಲು ಸರ್ವರಿಗೆ ಮುಟ್ಟಿದ್ದು ಗೆದ್ದರೆ, ಟವರಿನ ಹತ್ತಿರ ಮನೆ ಇದ್ದವರು ಪ್ರತಿ ಸಲ ಗೆಲ್ಲುತ್ತಾರೆ. ನನಗೆ ತೋಚುವುದು ಇಷ್ಟು: ಫೋನು ಕೇಳಿಕೆಯನ್ನಷ್ಟೇ ಒಯ್ಯಲಿ, ಹೂಂ ಎನ್ನುವುದು ಕೊನೆಗೌಡರ ಬಾಯಲ್ಲೇ ಇರಲಿ. ಅವರಿಗೆ ಫಾರ್ಮ್ ತುಂಬಿಸುವ ಗೋಜು ಬೇಡ, ಧ್ವನಿ ಒತ್ತಿ ಮಾತಾಡಲಿ. ವಾಟ್ಸ್‌ಆ್ಯಪ್ಪಿನಲ್ಲಿ ಅವರು ಮಾಡುತ್ತಿರುವುದೂ ಅದನ್ನೇ.

2023ರ ನವೆಂಬರ್ 13ರ ನಂತರ ವ್ಯಕ್ತಿಯ ಹೆಸರಿನಲ್ಲಿ ತೆರೆದ ಖಾತೆಯಿಂದ ಆ್ಯಪ್ ಬಿಡುವುದಾದರೆ ಕನಿಷ್ಠ 12 ಜನ 14 ದಿನ ಬಿಡದೆ ಅದನ್ನು ಪರೀಕ್ಷಿಸಬೇಕು ಎಂದು ಗೂಗಲ್ ಪ್ಲೇ ನಿಯಮವಿದೆ. ಕಂಪನಿ ಹೆಸರಿನ ಖಾತೆಗೆ ಈ ಕಟ್ಟು ಇಲ್ಲ. ಇಲ್ಲದಿದ್ದರೂ ಮಾಡಿ. ಆ 12 ಫೋನುಗಳು ನಿಮ್ಮ ಬೆಂಗಳೂರಿನ ಗೆಳತಿಯರದ್ದಾಗುವುದು ಬೇಡ.

ಈಗ ಶೇರಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು 'ಎರಡು ಪರ್ಸೆಂಟ್' ಎಂಬ ಎರಡೇ ಪದ. ಮೊದಲು ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯೋ, ಮೂವರ ಪಾಲುದಾರಿಕೆಯೋ ನೋಡಿ. ಪಾಲುದಾರಿಕೆಯಾದರೆ ಕೊಡಲು ಶೇರೇ ಇರುವುದಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿದರೆ ತಿಳಿಯುತ್ತದೆ. ನೌಕರರಿಗೆ ಶೇರಿನ ಹಕ್ಕು, ಅಂದರೆ ಗೊತ್ತು ಮಾಡಿದ ಬೆಲೆಗೆ ಮುಂದೆ ಶೇರು ಕೊಳ್ಳುವ ಹಕ್ಕು, ಕೊಡಲು ಶೇರುದಾರರ ಸಭೆಯ ಠರಾವು ಆಗಬೇಕು. ಆ ಠರಾವಿನ ನಕಲು ಕೇಳಿ. ಹಕ್ಕು ಕೊಟ್ಟ ದಿನದಿಂದ ಅದು ನಿಮ್ಮದಾಗಲು ಕನಿಷ್ಠ ಒಂದು ವರ್ಷ ಕಳೆಯಬೇಕು ಎಂದು 2014ರ ನಿಯಮ ಹೇಳುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ ಕೊಡುತ್ತಾರೆ. ಹನ್ನೊಂದನೇ ತಿಂಗಳಿಗೆ ಬಿಟ್ಟರೆ ಕೈಗೆ ಏನೂ ಇಲ್ಲ. ಪರ್ಸೆಂಟು ಬೇಡ, ಶೇರಿನ ಸಂಖ್ಯೆ ಬರೆಸಿಕೊಳ್ಳಿ. ಒಟ್ಟು 10,000 ಇದ್ದಾಗ ನಿಮ್ಮದು 200. ನಾಳೆ ಹೂಡಿಕೆದಾರರಿಗೆಂದು ಇನ್ನೂ 2,500 ಹೊಸದಾಗಿ ಹೊರಡಿಸಿದರೆ ನಿಮ್ಮ 200 ಎಂಬುದು 1.6 ಪರ್ಸೆಂಟ್ ಆಗುತ್ತದೆ. ಅದು ಮೋಸವಲ್ಲ, ಲೆಕ್ಕ. ಆ ಹಕ್ಕನ್ನು ಬಳಸಿ ಶೇರು ಪಡೆದ ದಿನ, ಆಗಿನ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ಅಂತರ ಸಂಬಳದ ಆದಾಯ ಎಂದು ತೆರಿಗೆಗೆ ಬರುತ್ತದೆ. ಶೇರು ಕೊಳ್ಳುವವರು ಯಾರೂ ಇಲ್ಲದಿದ್ದರೂ ಬರುತ್ತದೆ. ಹಾಗಾಗಿ ಮನೆಯ ಲೆಕ್ಕ ಹಾಕುವಾಗ ಶೇರನ್ನು ಸೊನ್ನೆ ಎಂದೇ ಹಿಡಿಯಿರಿ.

ಹಾಗೆ ಹಿಡಿದರೂ ಲೆಕ್ಕ ಕೂರುತ್ತದೆ. 25,000ದಲ್ಲಿ ಕಂತು ಕಳೆದು 16,000. ಮನೆಯಲ್ಲೇ ಊಟ, ವಸತಿ. ಪೆಟ್ರೋಲು, ಸಣ್ಣಪುಟ್ಟದ್ದಕ್ಕೆ 5,000 ಎಂದರೂ 11,000 ಉಳಿಯುತ್ತದೆ. ಬೆಂಗಳೂರಿನ ಉಳಿತಾಯಕ್ಕಿಂತ 3,000 ಕಡಿಮೆ. ನನಗಿರುವ ಹೆದರಿಕೆ ಆ 3,000ದ್ದಲ್ಲ. ಸಂಬಳವೇ ನಿಂತರೆ? ಬ್ಯಾಂಕಿನಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎಂದು ಆ ಮೂವರನ್ನು ನೇರವಾಗಿ ಕೇಳಿ. ಮುಖ ಗಂಟಿಕ್ಕಿದರೆ ಅದೇ ಉತ್ತರ. ನೀವು ಆರು ಕಂತಿನ 54,000ವನ್ನು ಬೇರೆ ತೆಗೆದಿಟ್ಟೇ ಬನ್ನಿ. ಇನ್ನೊಂದು ಎಚ್ಚರ: ಈಗಿನ ಕೆಲಸದಲ್ಲಿರುವಾಗಲೇ ರಾತ್ರಿ ಕುಳಿತು ಇವರಿಗೆ ಕೋಡ್ ಬರೆದುಕೊಡಬೇಡಿ, ಕಂಪನಿಯ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ. ಕೆಲಸದಲ್ಲಿರುವಾಗ ಬರೆದದ್ದೆಲ್ಲ ಕಂಪನಿಯದ್ದು ಎಂಬ ಷರತ್ತಿಗೆ ಸೇರುವಾಗಲೇ ಸಹಿ ಹಾಕಿರುತ್ತೀರಿ, ತೆಗೆದು ಓದಿ.

ಅಪ್ಪನಿಗೆ ಸ್ಟಾರ್ಟಪ್ ಎಂಬ ಪದ ಹೇಳಬೇಡಿ. ಹೊಸ ತೋಟ ಎಂದು ಹೇಳಿ. ಅಡಿಕೆ ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ ಬೇಕು ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಸಿಯ ನಡುವೆ ಬಾಳೆ ಹಾಕುತ್ತಾರೆ: ನೆರಳಿಗೂ ಆಯಿತು, ಖರ್ಚಿಗೂ ಆಯಿತು. ಈ ಆ್ಯಪಿಗೆ ದುಡಿಮೆ ಬರುವುದು ಕೊಯ್ಲಿನಲ್ಲಿ ಒಮ್ಮೆ, ಮದ್ದಿನಲ್ಲಿ ಒಮ್ಮೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ. ನಡುವಿನ ಬಾಳೆ ಯಾವುದು ಎಂದು ನಿಮ್ಮ ಅಪ್ಪನೇ ಕೇಳುತ್ತಾರೆ, ನೋಡಿ. ಅವರು ಕೇಳುವ ಪ್ರಶ್ನೆಯನ್ನು ಹಾಗೇ ಬರೆದುಕೊಂಡು ಆ ಮೂವರ ಮುಂದಿಡಿ.

ಆ ಹದಿನೈದು ದಿನದ ರಜೆಯನ್ನು ಕೊಯ್ಲಿನ ಹೊತ್ತಿಗೇ ಹಾಕಿ. ಒಬ್ಬ ಕೊನೆಗೌಡರ ಹಿಂದೆ ಬೆಳಗಿನಿಂದ ಸಂಜೆವರೆಗೆ ತೋಟ ತೋಟ ತಿರುಗಿ. ಕಂಪನಿಯ ಮೂವರನ್ನೂ ಕರೆಯಿರಿ. ಒಬ್ಬರಾದರೂ ಎರಡನೇ ದಿನವೂ ಕೆಸರಿಗೆ ಇಳಿದರೆ ರಾಜೀನಾಮೆ ಬರೆಯಿರಿ. ಮೂವರೂ ಕಚೇರಿಯಲ್ಲೇ ಉಳಿದು 'ನೀವು ಹೋಗಿ ಬಂದು ಹೇಳಿ' ಎಂದರೆ ಬೆಂಗಳೂರಿಗೆ ವಾಪಸ್ ಹೋಗಿ, ಇನ್ನೊಂದು ವರ್ಷ ಕಾಯಿರಿ.

ಪರೀಕ್ಷೆಗೆ 12 ಫೋನು ಎಂದೆನಲ್ಲ, ಅದರಲ್ಲಿ ಒಂದು ಆಯಿಯದಿರಲಿ. ಒಂದು ವಾನಳ್ಳಿಯ ಆ ಹಿರಿಯರದು, ನಾನೇ ಹೋಗಿ ಕೇಳುತ್ತೇನೆ. ಜಗುಲಿಯಿಂದ ಏಳದೆ ಅವರಿಗೆ ಆ್ಯಪ್ ತೆರೆದುಕೊಂಡ ದಿನ ನನಗೊಂದು ಕಾಗದ ಬರೆಯಿರಿ.

— ಸಂಪಾದಕ