ಮಗುವಿನ ಗುಟ್ಟು ಮತ್ತು ತಂದೆಯ ಹಕ್ಕು

ಮಾನ್ಯರೇ,

ಮಗಳ ಪಾಲನೆಯ ಹಕ್ಕಿಗಾಗಿ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿದ್ದು, ಹತ್ತು ವರ್ಷದ ಮಗಳು ಆಪ್ತಸಮಾಲೋಚಕರ ಮುಂದೆ ಆಡಿದ ಮಾತುಗಳ ಟಿಪ್ಪಣಿಯನ್ನು ನ್ಯಾಯಾಧೀಶರು ಓದಿದ್ದರೂ ತಮಗೆ ತೋರಿಸಿಲ್ಲವೆಂದು ಬರೆದಿದ್ದೀರಿ. "ನನ್ನ ಮೇಲಿನ ಆಪಾದನೆ ಏನೆಂದೇ ತಿಳಿಯದೆ ಉತ್ತರಿಸುವುದು ಹೇಗೆ? ಹೆತ್ತ ತಂದೆಗಿಲ್ಲದ ಹಕ್ಕು ಆಪ್ತಸಮಾಲೋಚಕರಿಗೆ ಎಲ್ಲಿಂದ ಬಂತು?" ಎಂಬುದು ತಮ್ಮ ಪ್ರಶ್ನೆ.

ಎರಡನೆಯ ಪ್ರಶ್ನೆಯನ್ನು ನಾನು ಒಪ್ಪಲಾರೆ. ಆ ಗೋಪ್ಯತೆ ಆಪ್ತಸಮಾಲೋಚಕರ ಸ್ವತ್ತಲ್ಲ, ಮಗುವಿನದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ತನ್ನ ಅಭಿಪ್ರಾಯ ಹೇಳುವ ಹಕ್ಕನ್ನೂ 16ನೆಯ ವಿಧಿ ಖಾಸಗಿತನದ ಹಕ್ಕನ್ನೂ ಮಗುವಿಗೆ ಕೊಟ್ಟಿವೆ. ಟಿಪ್ಪಣಿ ಮನೆಗೆ ಬಂದರೆ ಏನಾಗುತ್ತದೆಂದು ಯೋಚಿಸಿ ನೋಡಿ. ಅದೇ ಸಂಜೆ ಯಾರಾದರೊಬ್ಬರು ಹಾಳೆಯನ್ನು ಮುಂದೆ ಹಿಡಿದು "ನೀನು ಹೀಗೆ ಹೇಳಿದ್ದು ನಿಜವೇ?" ಎಂದು ಕೇಳುತ್ತಾರೆ, ಮುಂದಿನ ಭೇಟಿಯಲ್ಲಿ ಆ ಮಗು ಪ್ರತಿಯೊಂದು ಪ್ರಶ್ನೆಗೂ "ಗೊತ್ತಿಲ್ಲ" ಎನ್ನುತ್ತದೆ. ಜಗಳದಲ್ಲಿರುವ ತಂದೆತಾಯಿಗಳ ಹಿತವೂ ಮಗುವಿನ ಹಿತವೂ ಒಂದೇ ಆಗಿರಬೇಕೆಂದಿಲ್ಲ ಎಂಬ ಕಾರಣಕ್ಕೇ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅತ್ಯುನ್ನತ ನ್ಯಾಯಾಲಯವು 1983ರಲ್ಲಿ, ಮನೋವೈದ್ಯರ ಬಳಿ ಮಗು ಹೇಳಿದ್ದನ್ನು ಬಹಿರಂಗಪಡಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಪೋಷಕರಿಗೆ ಬಿಡದೆ, ಅದಕ್ಕೆಂದೇ ತಟಸ್ಥ ಪಾಲಕರೊಬ್ಬರನ್ನು ನೇಮಿಸಬೇಕೆಂದಿತು.

ಆದರೆ ತಮ್ಮ ಮೊದಲ ಪ್ರಶ್ನೆ ನ್ಯಾಯವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದೇ ಒಡಂಬಡಿಕೆಯ 9ನೆಯ ವಿಧಿ, ಮಗುವನ್ನು ಪೋಷಕರಿಂದ ಬೇರ್ಪಡಿಸುವ ವಿಚಾರಣೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಭಾಗವಹಿಸಿ ತಮ್ಮ ಮಾತು ಹೇಳುವ ಅವಕಾಶವಿರಬೇಕೆನ್ನುತ್ತದೆ. ದತ್ತು ಪ್ರಕರಣವೊಂದರಲ್ಲಿ 1995ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದೂ ಇದನ್ನೇ: ದಾಖಲೆಯನ್ನು ತೋರಿಸುವುದೇ ನಿಯಮ, ಮಗುವಿಗೆ ಗಂಭೀರ ಹಾನಿಯಾಗುವ ನಿಜವಾದ ಸಂಭವವಿದೆಯೇ ಎಂದು ಮೊದಲು ನೋಡಿ, ಬಳಿಕ ಎರಡೂ ಕಡೆಯ ಹಿತವನ್ನು ತೂಗಿ, ಬಲವಾದ ಕಾರಣವಿದ್ದರೆ ಮಾತ್ರ ಮುಚ್ಚಿಡಬೇಕು.

ನನ್ನ ಅಭಿಪ್ರಾಯದಲ್ಲಿ ಮಗುವಿನ ಮಾತು ಬೇರೆ, ತೀರ್ಪಿಗೆ ಆಧಾರವಾಗುವ ಸಂಗತಿ ಬೇರೆ. ರಾತ್ರಿಯ ಕೂಗಾಟಕ್ಕೆ ಮಗು ಹೆದರುತ್ತಿದೆ ಎಂಬುದರ ಮೇಲೆ ನ್ಯಾಯಾಲಯ ಆದೇಶ ಮಾಡುವುದಾದರೆ ಆ ಸಂಗತಿ ತಂದೆಗೆ ತಿಳಿಯಲೇಬೇಕು. ಆದರೆ ಮಗು ಅದನ್ನು ಯಾವ ಮಾತಿನಲ್ಲಿ ಹೇಳಿತು, ಹೇಳುವಾಗ ಅತ್ತಿತೇ, ಅಜ್ಜಿಯ ಬಗ್ಗೆ ಏನೆಂದಿತು ಎಂಬುದೆಲ್ಲ ಅವರಿಗೆ ಬೇಕಿಲ್ಲ. ದೌರ್ಜನ್ಯದ ಆರೋಪವಿದ್ದಲ್ಲಿ ಈ ಗೆರೆ ಸರಿಯಬೇಕಾಗುತ್ತದೆ, ಏಕೆಂದರೆ ಅಲ್ಲಿ ಮಗುವಿಗೆ ಕೇಳಿದ ಪ್ರಶ್ನೆ, ಅದು ಬಳಸಿದ ಪದ ಎರಡೂ ಸಾಕ್ಷ್ಯವೇ. ಇನ್ನು, "ನೀನು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ" ಎಂದು ಮಗುವಿಗೆ ಭಾಷೆ ಕೊಟ್ಟು ಮಾತಿಗೆಳೆಯುವುದನ್ನು ನಾನು ವಂಚನೆಯೆಂದೇ ಭಾವಿಸುತ್ತೇನೆ. ನ್ಯಾಯಾಧೀಶರಿಗೆ ತಿಳಿಸಬೇಕಾಗಬಹುದು ಎಂಬುದನ್ನು ಮಾತಿಗೆ ಮೊದಲೇ, ಅದಕ್ಕೆ ಅರ್ಥವಾಗುವಂತೆ ಹೇಳಬೇಕು.

ತಾವು ಇಡೀ ಟಿಪ್ಪಣಿಯನ್ನು ಕೇಳುವ ಬದಲು, ನ್ಯಾಯಾಲಯವು ಅದರಲ್ಲಿ ಆಧಾರವಾಗಿಟ್ಟುಕೊಳ್ಳಲಿರುವ ಅಂಶಗಳ ಸಾರಾಂಶವನ್ನೂ ಉಳಿದುದನ್ನು ತೋರಿಸದಿರಲು ಕಾರಣವನ್ನೂ ಕೊಡಬೇಕೆಂದು ವಕೀಲರ ಮೂಲಕ ಲಿಖಿತವಾಗಿ ಕೋರಿ. ಅರ್ಜಿ ತೀರ್ಮಾನವಾಗುವವರೆಗೂ, ಆದ ಮೇಲೂ, ಅಲ್ಲಿ ಏನು ಹೇಳಿದೆಯೆಂದು ಮಗಳನ್ನು ದಯವಿಟ್ಟು ಕೇಳಬೇಡಿ.

— ಸಂಪಾದಕ