‘ಎಲ್ಲಾ ಶೂನ್ಯ ಮೇಡಂ’ ಎಂದವರಿಗೆ ಧ್ಯಾನ ನಿಲ್ಲಿಸಲು ಹೇಳಿದ್ದು ಯಾಕೆ

ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ವರ್ಷ ದೂಡಿಕೊಂಡು ಬಂದೆ. ಈಗ ಬರೆಯುವುದಕ್ಕೆ ಕಾರಣ ಇದೆ. ಕಳೆದ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಇದೇ ‘ಎಲ್ಲಾ ಶೂನ್ಯ’ ಎಂಬ ಮಾತು ಹೇಳುತ್ತಾ ಇನ್ನೂ ಮೂವರು, ಆಪ್ತಸಮಾಲೋಚಕಿಯಾದ ನನ್ನೆದುರು ಬಂದು ಕೂತರು. ಮೂವರೂ ಓದಿದವರು, ಒಳ್ಳೆಯವರು. ಮೂವರೂ ‘ಮನಸ್ಸಿಗೆ ಶಾಂತಿ ಸಿಕ್ಕಿದೆ’ ಎಂದರು. ಮೂವರ ಮನೆಯವರೂ ಕಣ್ಣೀರು ಹಾಕುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಅವರಿಗಿಂತ ಮೊದಲು ಬಂದಿದ್ದ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ವಯಸ್ಸು ನಲವತ್ತರ ಹತ್ತಿರ. ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಕೆಲಸ. ಊರಲ್ಲಿ ಅಡಿಕೆ, ಬಾಳೆ ತೋಟ. 2021ರ ಮೇ ತಿಂಗಳಲ್ಲಿ ತಂದೆ ಕೋವಿಡ್‌ನಿಂದ ತೀರಿಕೊಂಡರು. ಮುಂದಿನ ವರ್ಷ ಇವರು ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಬಂದರು. ಆಮೇಲೆ ರಾತ್ರಿಯೆಲ್ಲಾ ಕೆಲಸದ ನಡುವೆ ಶೂನ್ಯತೆ, ಅನಾತ್ಮ (‘ನಾನು’ ಎನ್ನುವ ಸ್ಥಿರವಾದದ್ದು ಇಲ್ಲ ಎಂಬ ಬೌದ್ಧ ಮಾತು), ಮಾಯೆ ಎಂದು ಯೂಟ್ಯೂಬ್ ಭಾಷಣಗಳು. ದಿನಕ್ಕೆ ಮೂರು ಗಂಟೆ ಧ್ಯಾನ, ನಾಲ್ಕು ಗಂಟೆ ನಿದ್ದೆ. ಇಷ್ಟು ಹಿನ್ನೆಲೆ ಸಾಕು.

ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ. ‘ಮೊದಲು ಜಗಳ ಆಡ್ತಿದ್ರು ಮೇಡಂ, ಈಗ ಅದೂ ಇಲ್ಲ. ನಮ್ಮಮ್ಮನಿಗೆ ಆಪರೇಷನ್ ಅಂತ ಹೇಳಿದ್ರೆ, ದೇಹ ಅನ್ನೋದೇ ಒಂದು ಕಲ್ಪನೆ ಅಂದ್ರು’ ಎಂದರು ಆಕೆ. ಅವರು ಪಕ್ಕದಲ್ಲೇ ಕೂತು ಸಣ್ಣಗೆ ನಗುತ್ತಿದ್ದರು. ಕೊಂಕು ನಗು ಅಲ್ಲ ಅದು. ದೂರದ ನಗು.

ಅವರು ಹೇಳಿದ ಬುದ್ಧನ ಮಾತುಗಳು ಬಹುಪಾಲು ಸರಿಯೇ ಇದ್ದವು. ನನಗೆ ಕಷ್ಟವಾದದ್ದೇ ಅಲ್ಲಿ. ರೂಪ (ದೇಹ) ನೊರೆಯ ಹಾಗೆ, ವೇದನೆ (ಸುಖದುಃಖದ ಅನುಭವ) ನೀರಗುಳ್ಳೆಯ ಹಾಗೆ, ಸಂಜ್ಞೆ (ಗುರುತಿಸುವುದು) ಬಿಸಿಲ್ಗುದುರೆಯ ಹಾಗೆ, ಸಂಸ್ಕಾರ (ಮನಸ್ಸಿನ ಸಂಕಲ್ಪಗಳು) ಬಾಳೆಯ ಕಾಂಡದ ಹಾಗೆ, ವಿಜ್ಞಾನ (ಅರಿವು) ಗಾರುಡಿಗನ ಆಟದ ಹಾಗೆ. ಗಂಗೆಯ ದಡದಲ್ಲಿ ತೇಲಿಹೋಗುತ್ತಿದ್ದ ನೊರೆಮುದ್ದೆ ತೋರಿಸಿ ಬುದ್ಧ ಭಿಕ್ಷುಗಳಿಗೆ ಹೇಳಿದ ಮಾತು ಇದು. ಅವರು ಅದನ್ನು ಒಂದಕ್ಷರ ತಪ್ಪದೆ ಹೇಳಿದರು. ನಾನೂ ಹದಿನೈದು ವರ್ಷದಿಂದ ಬೆಳಿಗ್ಗೆ ಧ್ಯಾನಕ್ಕೆ ಕೂರುವವಳು, ಈ ಮಾತುಗಳ ಬಗ್ಗೆ ನನಗೆ ತುಂಬಾ ಪ್ರೀತಿ ಇದೆ. ಅದಕ್ಕೇ ಮೊದಲ ಎರಡು ಸೆಷನ್‌ಗಳಲ್ಲಿ ನಾನೂ ಚರ್ಚೆಗೆ ಇಳಿದುಬಿಟ್ಟೆ. ಅದು ತಪ್ಪು. ಅವರಿಗೆ ಚರ್ಚೆ ಎಷ್ಟು ಹೊತ್ತು ಬೇಕಾದರೂ ಆಗುತ್ತಿತ್ತು.

ಮೂರನೇ ಸಲ ಬಂದಾಗ ಮಾತು ಬದಲಾಯಿಸಿದೆ. ‘ದಿನ ಹೇಗೆ ಕಾಣುತ್ತೆ ನಿಮಗೆ?’ ಎಂದು ಕೇಳಿದೆ. ‘ಬಸ್ಸಿನ ಕಿಟಕಿಯಿಂದ ಊರು ನೋಡಿದ ಹಾಗೆ. ಹೆಂಡತಿ ಮಾತಾಡ್ತಾ ಇರ್ತಾಳೆ, ಸೌಂಡ್ ಕೇಳುತ್ತೆ, ನನಗೆ ಸಂಬಂಧ ಇಲ್ಲ. ಕೈ ನೋಡ್ಕೊಂಡ್ರೆ ನನ್ನ ಕೈ ಅನ್ಸಲ್ಲ’ ಎಂದರು. ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ಎಲ್ಲರನ್ನೂ ನೇರವಾಗಿಯೇ ಕೇಳುತ್ತೇನೆ. ಅವರನ್ನೂ ಕೇಳಿದೆ. ‘ಸಾವು ಕೂಡಾ ನಿಜವಲ್ಲವಲ್ಲ ಮೇಡಂ’ ಎಂದರು, ಅದೇ ನಗುವಿನಲ್ಲಿ. ಅವತ್ತೇ ಮನೋವೈದ್ಯರಿಗೆ ಫೋನ್ ಮಾಡಿ ಅದೇ ವಾರಕ್ಕೆ ಸಮಯ ತೆಗೆದುಕೊಂಡೆ. ಹೆಂಡತಿಗೂ ಹೇಳಿದೆ. ಇದನ್ನು ತತ್ವದ ಮಾತು ಎಂದು ಬಿಡುವ ಹಾಗಿರಲಿಲ್ಲ.

ಇನ್ನು ನಾಲ್ಕನೇ ಸೆಷನ್. ನಾನು ಈ ಬರಹಕ್ಕೆ ಕೂತಿರುವುದೇ ಅದಕ್ಕಾಗಿ.

ಮಾತಿನ ಮಧ್ಯೆ ಅವರ ಮೊಬೈಲಿಗೆ ಒಂದು ಮೆಸೇಜ್ ಬಂತು. ನೋಡಿದವರೇ ‘ಒಂದು ನಿಮಿಷ ಮೇಡಂ, ಇವತ್ತೇ ಲಾಸ್ಟ್ ಡೇ’ ಎಂದು ಗಡಿಬಿಡಿಯಲ್ಲಿ ಏನೋ ಒತ್ತತೊಡಗಿದರು. ನಾಲ್ಕು ವಾರದಲ್ಲಿ ಅವರು ಯಾವುದಕ್ಕಾದರೂ ಅವಸರಪಟ್ಟದ್ದನ್ನು ಮೊದಲ ಸಲ ನೋಡಿದೆ. ನೆಟ್‌ವರ್ಕ್ ಸಿಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು. ಬೆರಳು ನಡುಗುತ್ತಿತ್ತು. ಆದಮೇಲೆ ಬಂದು ಕೂತರು.

‘ಏನು ಅದು?’

‘ರೀಚಾರ್ಜ್.’

‘ನಿಮ್ಮ ನಂಬರಿಗಾ?’

‘ಅಪ್ಪಂದು.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಹೇಳಿದರು. ರೀಚಾರ್ಜ್ ನಿಲ್ಲಿಸಿದರೆ ಆ ನಂಬರನ್ನು ಬೇರೆ ಯಾರಿಗೋ ಕೊಟ್ಟುಬಿಡುತ್ತಾರೆ. ಫೋನ್ ಬೀರುವಿನಲ್ಲಿದೆ. ಭಾನುವಾರ ಚಾರ್ಜಿಗೆ ಹಾಕುತ್ತಾರೆ. ಒಂದು ಸಲ ಆ ನಂಬರಿಗೆ ಕಾಲ್ ಮಾಡಿದ್ದರಂತೆ. ಬೀರುವಿನ ಒಳಗಿಂದ ರಿಂಗ್ ಆಯಿತು. ಮಗ ‘ಅಜ್ಜನ ಫೋನು’ ಎಂದು ರೂಮಿನಿಂದ ಓಡಿ ಬಂದ.

ಎಲ್ಲಾ ಮಾಯೆ ಅಂದ್ರಲ್ಲ, ಮತ್ತೆ ರೀಚಾರ್ಜ್ ಯಾಕೆ ಎಂದು ನಾನು ಕೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಿದ್ದರೆ ವಾದದಲ್ಲಿ ಗೆಲ್ಲುತ್ತಿದ್ದೆ, ಅವರು ಐದನೇ ಸೆಷನ್‌ಗೆ ಬರುತ್ತಿರಲಿಲ್ಲ. ‘ಅಪ್ಪ ನಿಮಗೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ?’ ಎಂದಷ್ಟೇ ಕೇಳಿದೆ.

ಅವರು ತುಂಬಾ ಹೊತ್ತು ನೆಲ ನೋಡಿದರು. ತಂದೆ ಆಸ್ಪತ್ರೆಯಲ್ಲಿದ್ದರು, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಮೂರು ಕಾಲ್ ಬಂದಿತ್ತು. ಇವರು ಮೀಟಿಂಗ್‌ನಲ್ಲಿದ್ದರು. ಬೆಳಿಗ್ಗೆ ಮಾಡೋಣ ಎಂದುಕೊಂಡರು. ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಮುಖ ನೋಡಲು ಸಿಗಲಿಲ್ಲ. ಚಿತಾಗಾರದ ಹೊರಗೆ ಟೋಕನ್ ಹಿಡಿದು ಆಂಬುಲೆನ್ಸ್‌ಗಳ ಸಾಲಿನಲ್ಲಿ ಕಾಯ್ದರು. ‘ಆ ಸಾಲಲ್ಲಿ ನಿಂತಾಗಲೇ ಮೇಡಂ, ಎಲ್ಲಾ ಸಿನಿಮಾ ಥರ ಆಗೋಕೆ ಶುರುವಾಗಿದ್ದು’ ಎಂದರು. ಹೇಳಿ ತಾವೇ ಬೆಚ್ಚಿದರು. ಅಲ್ಲಿಯತನಕ ಅದು ಶಿಬಿರದಲ್ಲಿ ಸಿಕ್ಕ ಅನುಭವ ಎಂದು ನಂಬಿಕೊಂಡಿದ್ದರು. ಒಂದು ವರ್ಷ ಮೊದಲೇ ಅದು ಬಂದು ಕೂತಿತ್ತು. ಆಮೇಲೆ ಕೇಳಿದ ಭಾಷಣಗಳು ಅದಕ್ಕೆ ಒಂದು ದೊಡ್ಡ ಹೆಸರು ಕೊಟ್ಟವು, ಅಷ್ಟೇ.

ಕೊನೆಗೆ ಅವರು ಹೇಳಿದ ಮಾತು ಇದು. ‘ಇದೆಲ್ಲಾ ನಿಜ ಅಂತ ಆದ್ರೆ, ಆ ಮೂರು ಕಾಲೂ ನಿಜ ಆಗಿಬಿಡುತ್ತೆ ಅಲ್ವಾ ಮೇಡಂ?’

ನನಗೆ ಉತ್ತರ ಹೊಳೆಯಲಿಲ್ಲ. ‘ಹೌದು, ಆ ಮೂರು ಕಾಲ್ ಬಂದಿದ್ದು ನಿಜ’ ಎಂದೆ. ಅವರು ಅಳಲಿಲ್ಲ. ನೀರು ಕೇಳಿದರು, ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದರು. ‘ಕೈ ತಣ್ಣಗಾಗಿದೆ’ ಎಂದರು. ತನ್ನ ಕೈ ತಣ್ಣಗಾದದ್ದು ಗೊತ್ತಾಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಮನೋವೈದ್ಯರು ಇದಕ್ಕೆ ಹೇಳುವ ಹೆಸರು ಡಿಪರ್ಸನಲೈಸೇಷನ್, ಡಿರಿಯಲೈಸೇಷನ್. ತಾಳಲಾರದ ಆಘಾತ ಬಂದಾಗ, ಅತಿಯಾದ ಗಾಬರಿಯಲ್ಲಿ, ನಿದ್ದೆಗೆಟ್ಟಾಗ ಮನಸ್ಸು ತನ್ನನ್ನು ತಾನೇ ಸ್ವಲ್ಪ ದೂರ ಇಟ್ಟುಕೊಳ್ಳುತ್ತದೆ. ಲೋಕವೂ ತನ್ನ ದೇಹವೂ ಕನಸಿನ ಹಾಗೆ ಕಾಣುತ್ತವೆ. ಇದು ಹುಚ್ಚಲ್ಲ, ಹಾಗೆ ಕಾಣುತ್ತಿದೆ ಎನ್ನುವ ಅರಿವು ಅವರಿಗೆ ಇದ್ದೇ ಇರುತ್ತದೆ. ಕೆಲವು ಸಲ ಮೂರ್ಛೆರೋಗದಂಥ ದೇಹದ ಕಾರಣವೂ ಇರಬಹುದು, ಅದಕ್ಕೇ ವೈದ್ಯರು ಮೊದಲು ಪರೀಕ್ಷೆ ಮಾಡಿಸಿದರು. ಅವರಿಗೆ ಅಂಥದ್ದೇನೂ ಇರಲಿಲ್ಲ. ಖಿನ್ನತೆ ಇತ್ತು, ಮಾತ್ರೆ ಶುರುವಾಯಿತು.

ನನ್ನ ಸಲಹೆ ಹೀಗಿತ್ತು. ಮೂರು ತಿಂಗಳು ಕಣ್ಣು ಮುಚ್ಚಿ ಕೂರುವುದು ಪೂರ್ತಿ ಬಂದ್. ರಾತ್ರಿ ಭಾಷಣಗಳೂ ಬಂದ್. ಹೇಗಾದರೂ ಮಾಡಿ ಹಗಲು ಶಿಫ್ಟ್ ಕೇಳಿ, ಏಳು ಗಂಟೆ ನಿದ್ದೆ ಮಾಡಿ. ಕೈಗೆ ಕೆಲಸ ಕೊಡಿ, ತರಕಾರಿ ಹೆಚ್ಚಿ, ಬಟ್ಟೆ ಹಿಂಡಿ, ಊರಿಗೆ ಹೋದಾಗ ಬರಿಗಾಲಲ್ಲಿ ತೋಟದಲ್ಲಿ ಓಡಾಡಿ. ಅಪ್ಪನ ಬಗ್ಗೆ ಹೆಂಡತಿಯ ಹತ್ತಿರ ದಿನಕ್ಕೆ ಹತ್ತು ನಿಮಿಷವಾದರೂ ಮಾತಾಡಿ. ಹೆಂಡತಿಗೆ ಹೇಳಿದ್ದು ಒಂದೇ: ಅವರ ಜೊತೆ ತತ್ವದ ಜಗಳಕ್ಕೆ ಹೋಗಬೇಡಿ, ಸುಮ್ನೆ ಪಕ್ಕ ಕೂತು ಬಟಾಣಿ ಸುಲಿಯಿರಿ. ರೀಚಾರ್ಜ್ ನಿಲ್ಲಿಸಿ ಎಂದು ನಾನು ಹೇಳಲಿಲ್ಲ.

ಧ್ಯಾನ ನಿಲ್ಲಿಸಿದ್ದಕ್ಕೆ ಅವರ ಧ್ಯಾನದ ಗೆಳೆಯರೊಬ್ಬರು ನನಗೇ ಫೋನ್ ಮಾಡಿ ಬೇಸರ ಹೇಳಿಕೊಂಡರು. ಅಷ್ಟು ಮುಂದೆ ಹೋದವರನ್ನು ಹಿಂದಕ್ಕೆ ಎಳೆದಿರಿ ಎಂದರು. ಇವರು ನನ್ನ ಹತ್ತಿರ ಬರುತ್ತಾರೆ ಎಂಬುದನ್ನೂ ನಾನು ಫೋನಿನಲ್ಲಿ ಒಪ್ಪಿಕೊಳ್ಳುವ ಹಾಗಿರಲಿಲ್ಲ, ಹಾಗಾಗಿ ಅವತ್ತು ಉತ್ತರ ಕೊಡಲಿಲ್ಲ. ಇಲ್ಲಿ ಹೇಳುತ್ತೇನೆ. ವೈಶಾಲಿಯಲ್ಲಿ ಒಮ್ಮೆ ಬುದ್ಧ ಭಿಕ್ಷುಗಳಿಗೆ ಅಶುಭ ಭಾವನೆ, ಅಂದರೆ ದೇಹದ ಹೇಸಿಗೆಯನ್ನು ಕಾಣುವ ಧ್ಯಾನ ಹೇಳಿಕೊಟ್ಟು ಏಕಾಂತಕ್ಕೆ ಹೋದರು. ಮರಳಿ ಬಂದಾಗ ಸಂಘ ತೆಳುವಾಗಿತ್ತು. ದೇಹದ ಮೇಲೆ ಜಿಗುಪ್ಸೆ ಬಂದು ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದರು. ಬುದ್ಧ ಉಳಿದವರನ್ನು ಸೇರಿಸಿ ಉಸಿರಿನ ಧ್ಯಾನ ಹೇಳಿಕೊಟ್ಟರು. ಇದು ಪಾಲಿ ಸುತ್ತಗಳಲ್ಲೇ, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳಲ್ಲೇ ಇದೆ. ತಾನೇ ಹೇಳಿದ ಅಭ್ಯಾಸ ಕೆಡುಕಾದಾಗ ಬುದ್ಧನೇ ಬೇರೆ ದಾರಿ ತೋರಿಸಿದ್ದರು. ಮೂರು ತಿಂಗಳು ವಿರಾಮ ಹೇಳಿದ ನಾನು ಯಾವ ಧರ್ಮಕ್ಕೂ ದ್ರೋಹ ಮಾಡಿಲ್ಲ.

ಶೂನ್ಯತೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಬೌದ್ಧ ದಾರ್ಶನಿಕ ನಾಗಾರ್ಜುನ. ತಪ್ಪಾಗಿ ಹಿಡಿದ ಶೂನ್ಯತೆ ಹಿಡಿದವನನ್ನೇ ಹಾಳುಮಾಡುತ್ತದೆ, ತಪ್ಪಾಗಿ ಹಿಡಿದ ಹಾವಿನ ಹಾಗೆ ಎಂದವನೂ ಅವನೇ. ಬೌದ್ಧರ ಮಹಾಯಾನ ಪಂಥದ ಬೋಧಿಸತ್ವ ವ್ರತಗಳಲ್ಲಿ (ಎಲ್ಲರ ಒಳಿತಿಗಾಗಿ ಬುದ್ಧನಾಗಲು ಹೊರಟವರು ಹಿಡಿಯುವ ವ್ರತಗಳು), ಮನಸ್ಸು ಸಿದ್ಧವಿಲ್ಲದವರಿಗೆ ಶೂನ್ಯತೆ ಬೋಧಿಸುವುದನ್ನು ದೊಡ್ಡ ತಪ್ಪುಗಳಲ್ಲಿ ಒಂದು ಎಂದು ಎಣಿಸಿದ್ದಾರೆ. ನಮ್ಮ ಬೈಲಕುಪ್ಪೆಯಲ್ಲಿರುವ ಟಿಬೆಟನ್ ಬೌದ್ಧರ ಸೆರಾ ಮಠಕ್ಕೆ ಹೋದರೆ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ ಮಾಡುವುದು ಕಾಣುತ್ತದೆ. ಅವರ ಓದಿನಲ್ಲಿ ಮಾಧ್ಯಮಿಕ ದರ್ಶನ, ಅಂದರೆ ನಾಗಾರ್ಜುನನ ಶೂನ್ಯತೆಯ ಪಾಠ ಬರುವುದು ತರ್ಕ, ಪ್ರಜ್ಞಾಪಾರಮಿತೆ ಎಂಬ ಮಹಾಯಾನ ಗ್ರಂಥಗಳು ಎಲ್ಲಾ ಎಷ್ಟೋ ವರ್ಷ ಓದಿದ ಮೇಲೆ. ಅದೂ ಹತ್ತು ಜನರ ನಡುವೆ, ಗುರುವಿನ ಎದುರು, ಅಡಿಗೆಮನೆಯ ಪಾಳಿಯನ್ನೂ ಮಾಡಿಕೊಂಡು. ಅದನ್ನೇ ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತು, ಹಸಿದ ಹೊಟ್ಟೆಯಲ್ಲಿ, ಎದೆಯಲ್ಲಿ ಅಂಥ ಗಾಯ ಇಟ್ಟುಕೊಂಡು ಇಯರ್‌ಫೋನ್‌ನಲ್ಲಿ ಕೇಳಿದರೆ ಅದು ಔಷಧ ಆಗುವುದು ಕಷ್ಟ.

ಇನ್ನೊಂದು ತೊಡಕು ನಮ್ಮ ಭಾಷೆಯಲ್ಲೇ ಇದೆ. ಶೂನ್ಯ ಅಂದ ತಕ್ಷಣ ನಮಗೆ ಸೊನ್ನೆ ಕೇಳಿಸುತ್ತದೆ, ಏನೂ ಇಲ್ಲ ಎಂದು ಕೇಳಿಸುತ್ತದೆ. ನಾಗಾರ್ಜುನ ಶೂನ್ಯ ಎಂದು ಕರೆದದ್ದು ಬೇರೆ ಬೇರೆ ಕಾರಣಗಳನ್ನು ಆತುಕೊಂಡು ಹುಟ್ಟಿದ್ದನ್ನು. ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ ಎಂಬುದು ಅದರ ಅರ್ಥ. ಲೋಕದ ವ್ಯವಹಾರದ ಸತ್ಯವನ್ನು ಹಿಡಿಯದೆ ಪರಮ ಸತ್ಯವನ್ನು ಹೇಳಲಾಗದು ಎಂದೂ ಅವನು ಬರೆದಿದ್ದಾನೆ. ಅತ್ತೆಯ ಆಪರೇಷನ್, ಆಸ್ಪತ್ರೆಯ ಬಿಲ್ಲು, ಹೆಂಡತಿಯ ಗಾಬರಿ, ಇವೆಲ್ಲ ಆ ಮೊದಲನೇ ಸತ್ಯದ ಒಳಗೇ ಬರುತ್ತವೆ.

ಇದನ್ನು ಅವರಿಗೆ ಪಾಠದ ಹಾಗೆ ಹೇಳಲಿಲ್ಲ. ಆರನೇ ಸೆಷನ್‌ನಲ್ಲಿ ಬಾಳೆಗಿಡದ ಮಾತು ಅವರೇ ತೆಗೆದರು. ‘ಪದರ ಬಿಚ್ಚುತ್ತಾ ಹೋದ್ರೆ ಒಳಗೆ ಏನೂ ಇಲ್ಲ ಅಲ್ವಾ’ ಎಂದರು. ‘ನಿಮ್ಮದು ಬಾಳೆ ತೋಟ, ನೀವೇ ಹೇಳಿ. ಆ ಸುತ್ತದಲ್ಲಿ ಒಬ್ಬ ಕೊಡಲಿ ತಗೊಂಡು ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಹುಡುಕಿಕೊಂಡು ಹೋಗ್ತಾನೆ. ಬಾಳೆಯಲ್ಲಿ ಚೇಗು ಸಿಗಲಿಲ್ಲ. ಬಾಳೆಗಿಡವೇ ಇಲ್ಲ ಅಂತ ಬುದ್ಧ ಹೇಳಿದ್ದಾನಾ?’ ಎಂದೆ. ಅವರು ಯೋಚಿಸಿದರು. ‘ಗೊನೆ ಬಿಡುತ್ತೆ. ದಿಂಡಿನ ಪಲ್ಯಾನೂ ಆಗುತ್ತೆ. ಅಪ್ಪನಿಗೆ ಬಹಳ ಇಷ್ಟ’ ಎಂದರು. ಅಲ್ಲಿ ಅತ್ತರು. ಎರಡೂವರೆ ವರ್ಷದ ಮೇಲೆ, ಪಲ್ಯದ ನೆನಪಿಗೆ.

ಅದಾದ ಮೇಲೆಯೇ ಆ ಮೂರು ಕಾಲ್‌ಗಳ ಬಗ್ಗೆ ಮಾತಾಡಲು ಆದದ್ದು. ‘ನಾನೇ ಅಪ್ಪನ್ನ ಸಾಯಿಸಿದೆ’ ಎಂದು ಅವರು ಒಳಗೆ ಇಟ್ಟುಕೊಂಡಿದ್ದರು. ಇಬ್ಬರೂ ಕೂತು ಅದರ ಪದರ ಬಿಚ್ಚಿದೆವು. ವೈರಸ್ಸು, ಆ ತಿಂಗಳ ಹಾಸಿಗೆಯ ಕೊರತೆ, ಒಳಗೆ ಬಿಡದ ನಿಯಮ, ನೈಟ್ ಶಿಫ್ಟು, ಸಾಲ, ಮೂರು ದಿನ ನಿದ್ದೆ ಇಲ್ಲದ ತಲೆ. ‘ನಾನೇ’ ಎನ್ನುವ ಚೇಗು ಅದರೊಳಗೆ ಸಿಗಲಿಲ್ಲ. ಕಾಲ್ ಎತ್ತಲಿಲ್ಲ ಎನ್ನುವ ನೋವು ಮಾತ್ರ ಹಾಗೇ ಉಳಿಯಿತು. ಉಳಿಯಲಿ ಎಂದೆ. ತನ್ನ ಪ್ರಮುಖ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ತೀರಿಕೊಂಡ ಮೇಲೆ ಬುದ್ಧ ಕೂಡಾ, ಈ ಸಭೆ ನನಗೆ ಬರಿದಾಗಿ ಕಾಣುತ್ತಿದೆ ಎಂದಿದ್ದರು. ಅವರು ಶೋಕಿಸಲಿಲ್ಲ, ಆದರೆ ಬರಿದಾದದ್ದನ್ನು ಬರಿದು ಎಂದೇ ಹೇಳಿದರು.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಧ್ಯಾನ ಶುರುಮಾಡಿದ ಮೇಲೆ ಮನೆಯವರ ನೋವು ದೂರ ದೂರ ಆಗುತ್ತಿದ್ದರೆ, ಅನ್ನದ ರುಚಿ, ಮಗುವಿನ ದನಿ ಮಸುಕಾಗುತ್ತಿದ್ದರೆ, ದಯವಿಟ್ಟು ಅದನ್ನು ಶಾಂತಿ ಎಂದುಕೊಂಡು ಇನ್ನೂ ಜಾಸ್ತಿ ಕೂರಬೇಡಿ. ಹೇಳಿಕೊಟ್ಟವರಿಗೆ ಹೇಳಿ, ವೈದ್ಯರನ್ನು ನೋಡಿ. ಶಿಬಿರದ ಅರ್ಜಿಯಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಕೇಳಿದರೆ ನಿಜ ಬರೆಯಿರಿ. ಇವರು ತಂದೆಯ ಸಾವಿನ ಮಾತನ್ನೇ ಎತ್ತಿರಲಿಲ್ಲ. ಸಾಯುವ ಯೋಚನೆ ಬಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅವರು ಐದನೇ ತಿಂಗಳಲ್ಲಿ ಮತ್ತೆ ಧ್ಯಾನಕ್ಕೆ ಕೂತರು. ಹದಿನೈದು ನಿಮಿಷ, ಕಣ್ಣು ತೆರೆದುಕೊಂಡು, ಹಾಲ್‌ನಲ್ಲಿ, ಬಾಗಿಲು ಹಾಕದೆ. ಮಗ ಶೂ ಹುಡುಕುತ್ತಾ ಏನಾದರೂ ಕೇಳಿದರೆ ಎದ್ದು ಹುಡುಕಿಕೊಡಬೇಕು ಎಂಬುದು ನಮ್ಮ ಒಪ್ಪಂದ. ನಿದ್ದೆ ಕಡಿಮೆಯಾದ ದಿನ ಆ ಬಸ್ಸಿನ ಕಿಟಕಿ ಈಗಲೂ ಬರುತ್ತದಂತೆ, ಬಂದರೆ ಹೆಂಡತಿಗೆ ಹೇಳುತ್ತಾರಂತೆ. ತಂದೆಯ ನಂಬರಿಗೆ ಈಗಲೂ ರೀಚಾರ್ಜ್ ಮಾಡುತ್ತಾರೆ. ಫೋನ್ ಬೀರುವಿನಿಂದ ಹೊರಗೆ ಬಂದು ಟಿವಿಯ ಪಕ್ಕ ಕೂತಿದೆ.