ರಿಪೋರ್ಟಿಗೆ ಸಿಗದ ನೋವು

ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರವಿದು: ಹನ್ನೊಂದು ವರ್ಷಗಳಿಂದ ಇರುವ, ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತದ ಜೊತೆಗೆ ಈಚೆಗೆ ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾವೂ ಸೇರಿಕೊಂಡಿದೆ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳ ಅಂಕಿ ಹತೋಟಿಗೆ ಬಂದರೂ ಮೈಕೈ ನೋವು ಬಿಟ್ಟಿಲ್ಲ. "ರಿಪೋರ್ಟ್ ನಾರ್ಮಲ್ ಇದೆಯಲ್ಲಮ್ಮಾ, ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆ" ಎನ್ನುವ ಮಗನ ಮಾತು ಸರಿಯೇ ಎಂದು ಕೇಳಿದ್ದಾರೆ.

ತಾಯಿ, ನಡಿಗೆಯ ಮಟ್ಟಿಗೆ ಸರಿ. 2017ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು ಫೈಬ್ರೋಮಯಾಲ್ಜಿಯಾಕ್ಕೆ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಮಗನಿಗೆ ಸಲ್ಲಬೇಕಾದದ್ದು ಇಷ್ಟು.

ನಾರ್ಮಲ್ ರಿಪೋರ್ಟನ್ನು ನೋವೇ ಇಲ್ಲವೆಂಬ ಪ್ರಮಾಣಪತ್ರದಂತೆ ಓದುವುದನ್ನು ಮಾತ್ರ ನಾನು ಒಪ್ಪಲಾರೆ. ಆ ಪರೀಕ್ಷೆಗಳು ಅಳೆಯುವುದು ಉರಿಯೂತವನ್ನು. ಫೈಬ್ರೋಮಯಾಲ್ಜಿಯಾದಲ್ಲಿ ನೋವಿನ ಸುದ್ದಿಯನ್ನು ನರಮಂಡಲವೇ ಹಿಗ್ಗಿಸಿ ಮುಟ್ಟಿಸುತ್ತದೆ. 1990ರಲ್ಲಿ ಅಮೆರಿಕದ ತಜ್ಞರು ಮೈಮೇಲೆ 18 ಜಾಗಗಳನ್ನು ಗುರುತಿಸಿ, ಈ ಕಾಯಿಲೆಯೆನ್ನಲು ಒತ್ತಿದಾಗ 11 ಕಡೆಯಾದರೂ ನೋಯಬೇಕೆಂದಿದ್ದರು. 2010ರಲ್ಲಿ ಆ ಎಣಿಕೆಯನ್ನು ಕೈಬಿಟ್ಟು, ಎಲ್ಲೆಲ್ಲಿ ನೋವು, ದಣಿವೆಷ್ಟು, ನಿದ್ದೆಯಿಂದ ಎದ್ದಾಗ ಹೇಗಿರುತ್ತದೆ ಎಂದು ರೋಗಿಯನ್ನೇ ಕೇಳುವ ಕ್ರಮ ತಂದರು. ವೈದ್ಯರೇ ರೋಗಿಯ ಮಾತನ್ನು ಸಾಕ್ಷಿಯೆಂದು ಒಪ್ಪಿದ ಮೇಲೆ ಮನೆಯವರಿಗೇನು ಅಡ್ಡಿ?

ನಮ್ಮಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಬೆಳಿಗ್ಗೆ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದರು. ಮಧ್ಯಾಹ್ನ ಅವರೇ ಸರಾಗವಾಗಿ ಪುಟದ ಮೇಲೆ ಪುಟ ತಿದ್ದುವುದನ್ನು ಕಂಡು, ಬೆಳಗಿನದು ಸೋಮಾರಿತನವೆಂದು ನಾವು (ನಾನೂ ಸೇರಿ) ನಕ್ಕಿದ್ದುಂಟು. ಬೆಳಗಿನ ಬಿಗಿತವು ರುಮಟಾಯ್ಡಿನ ಮುಖ್ಯ ಲಕ್ಷಣವೆಂದು ನಾನು ಓದಿ ತಿಳಿಯುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ನಿಮ್ಮನ್ನೂ ಒಂದಿಷ್ಟು ಗದರಬೇಕಾಗಿದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ದಿನವೂ ನುಂಗುತ್ತಿರುವುದಾಗಿ ಬರೆದಿದ್ದೀರಿ. ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲ ಆ ಮಾತ್ರೆಗಳಿಂದ ಫೈಬ್ರೋಮಯಾಲ್ಜಿಯಾಕ್ಕೆ ಹೆಚ್ಚಿನ ಉಪಯೋಗವೂ ಇಲ್ಲ. ಗೆಣ್ಣು ಊದಿ ಬಿಸಿಯಾದ ದಿನ ಯಾವುದು, ಊತವಿಲ್ಲದೆ ಮೈಯೆಲ್ಲ ನೊಂದ ದಿನ ಯಾವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನು, ಪಾರ್ಕಿನಲ್ಲಿ ನಡೆಯಲು ಮೊದಲು ಪಾರ್ಕನ್ನು ತಲುಪಬೇಕಲ್ಲ! ಅಲ್ಲಾಡುವ ಚಪ್ಪಡಿ, ಅಡ್ಡ ನಿಲ್ಲಿಸಿದ ಸ್ಕೂಟರ್, ಮೊಣಕಾಲೆತ್ತರದ ಅಂಚು ಇವನ್ನೆಲ್ಲ ದಾಟಿಸುವ ಬೆಂಗಳೂರಿನ ಫುಟ್‌ಪಾತು ಗಟ್ಟಿಮುಟ್ಟಾದವರ ಮಂಡಿಯನ್ನೇ ಪರೀಕ್ಷಿಸುತ್ತದೆ. ಬಸ್ಸಿನಲ್ಲಿ ಕೈಯಲ್ಲಿ ಕೋಲಿದ್ದವರಿಗೆ ಸೀಟು ಸಿಕ್ಕೀತು, ನಿಮ್ಮಂಥವರಿಗೆ ದುರುಗುಟ್ಟಿದ ನೋಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ, ಫೈಬ್ರೋಮಯಾಲ್ಜಿಯಾ ಅದರಲ್ಲಿಲ್ಲ.

ನಾಳೆ ಮಗನನ್ನೂ ಪಾರ್ಕಿಗೆ ಕರೆದೊಯ್ಯಿರಿ. ನಾಲ್ಕು ಸುತ್ತು ಬೇಡ, ಅರ್ಧ ಸುತ್ತು, ಅದೂ ನಿಮ್ಮ ಹೆಜ್ಜೆಯ ಲೆಕ್ಕದಲ್ಲಿ. ಮರುದಿನ ನೋವು ಏರದಿದ್ದರೆ ಮಾತ್ರ ಮುಂದಿನ ವಾರ ಮುಕ್ಕಾಲು.